ಬಗಲಾಗಿನ ಚಪ್ಪಲಿ

ನಮ್ಮ ಅಜ್ಜ ಸಿನಿಮಾದಲ್ಲಿ ನಟಿಸಿದ್ದ ಎಂದರೆ ಸಿಂಧನೂರಿನಲ್ಲಿ ಯಾರೂ ನಂಬುವುದಿಲ್ಲ. ನಾನೇ ನಂಬಿರಲಿಲ್ಲ. ಎಲ್ಲರ ಮನೆಯಲ್ಲೂ ಹುಲಿ ಹೊಡೆದ ಅಜ್ಜ ಒಬ್ಬ ಇರುತ್ತಾನೆ, ನಮ್ಮ ಮನೆಯಲ್ಲಿ ಸಿನಿಮಾ ಮಾಡಿದವನು ಇದ್ದಾನೆ, ಅಷ್ಟೇ ಎಂದುಕೊಂಡಿದ್ದೆ.

ಅವನು ಅವ್ವನ ಅಪ್ಪ, ಮಸ್ಕಿಯವನು. ಮೀಸೆ ಮೂಡುವ ಮೊದಲೇ ನಾಟಕ ಕಂಪನಿ ಸೇರಿದ. ಆಗಿನ ಕಂಪನಿಗಳು ಲಿಂಗಸುಗೂರಿನಲ್ಲಿ ಎರಡು ತಿಂಗಳು, ಸಿಂಧನೂರಿನಲ್ಲಿ ಎರಡು ತಿಂಗಳು ತಗಡಿನ ಥಿಯೇಟರು ಕಟ್ಟಿಕೊಂಡು ಇರುತ್ತಿದ್ದವು. ರಾಜ ರಾಣಿ ಅತ್ತು ಅತ್ತು ದಣಿದಾಗ ರಂಗಕ್ಕೆ ಬಂದು ಜನರನ್ನು ನಗಿಸಿ ಹೋಗುವುದು ಅಜ್ಜನ ಕೆಲಸ. ಅವನಿಗೆ ಹೆಸರು ತಂದದ್ದು ಒಂದೇ ಒಂದು ತಮಾಷೆ. ಅದಕ್ಕೆ ಜನ 'ಚಪ್ಪಲಿ' ಎಂದೇ ಕರೆಯುತ್ತಿದ್ದರಂತೆ.

ಆ ಕಾಲದಲ್ಲಿ ನಮ್ಮ ಓಣಿಯ ಗಂಡಸರು ಗೌಡರ ಮನೆ ಮುಂದೆ ಹಾಯುವಾಗ ಚಪ್ಪಲಿ ಬಿಚ್ಚಿ ಬಗಲಲ್ಲಿ ಇಟ್ಟುಕೊಳ್ಳಬೇಕಿತ್ತು. ಮನೆ ದಾಟಿದ ಮೇಲೆ ಮತ್ತೆ ಮೆಟ್ಟಬಹುದು. ಅಜ್ಜ ಇದನ್ನೇ ರಂಗದ ಮೇಲೆ ತಂದ. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಬಗಲಲ್ಲಿ. ಅದನ್ನು ಮರೆತವನ ಹಾಗೆ ರಾಜನ ಸಿಂಹಾಸನದ ಕೆಳಗೆಲ್ಲ ಹುಡುಕಾಡಿ, ಕೊನೆಗೆ ಜನರ ಕಡೆ ತಿರುಗಿ, "ಇಲ್ಲೇ ಇತ್ತಲ್ಲರೀ, ಎಲ್ಲಿ ಹೋತು?" ಎಂದು ಕಿವಿಗೆ ಕೈ ಹಚ್ಚಿ ನಿಲ್ಲುತ್ತಿದ್ದ. ಇಡೀ ಥಿಯೇಟರು, "ಬಗಲಾಗ ಐತಲೇ!" ಎಂದು ಒದರುತ್ತಿತ್ತು. ಅಜ್ಜ ಕೆಳಗಿಳಿದು, "ಯಾರ ಬಗಲಾಗ?" ಎನ್ನುತ್ತ ಮುಂದಿನ ಕುರ್ಚಿಯಲ್ಲಿ ಕೂತ ಗೌಡರ ಬಗಲನ್ನೇ ಬಗ್ಗಿ ನೋಡುತ್ತಿದ್ದ. ಗೌಡರೂ ನಗುತ್ತಿದ್ದರು. ಅವರನ್ನು ಬೈದದ್ದೋ ನಗಿಸಿದ್ದೋ ಅವರಿಗೆ ತಿಳಿಯುವ ಮೊದಲೇ ಅಜ್ಜ ರಂಗದ ಹಿಂದಕ್ಕೆ ಹೋಗಿಬಿಟ್ಟಿರುತ್ತಿದ್ದ.

ಮಾತಾಡುವ ಸಿನಿಮಾಗಳು ಶುರುವಾಗಿ ಕೆಲವು ವರ್ಷವಾದ ಮೇಲೆ ಯಾರೋ ಅವನನ್ನು ಮದ್ರಾಸಿಗೆ ಕರೆದೊಯ್ದರು. ಒಂದೇ ಸಿನಿಮಾ ಮಾಡಿ ತಿರುಗಿ ಬಂದ. ಯಾಕೆ ಬಂದಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಅಲ್ಲಿ ಯಾರೂ ಒದರಂಗಿಲ್ಲೋ." ಆ ಸಿನಿಮಾ ನಮ್ಮ ಕಡೆ ಬರಲೇ ಇಲ್ಲ. ಅವನೂ ನೋಡದೆ ಸತ್ತ.

ಅವ್ವನಿಗೆ ಈಗ ಎಂಬತ್ತು. ನನ್ನ ಜೊತೆಗೇ ಇರುತ್ತಾಳೆ. ಅವಳ ಆಡಳಿತದಲ್ಲಿ ನಾನಿದ್ದೇನೆ ಎನ್ನುವುದೇ ಸರಿ. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡು ಬಂದವಳು ಹಠ ಹಿಡಿದಳು: "ಕಣ್ಣು ಬಂದಾವ, ನಮ್ಮಪ್ಪನ ಸಿನಿಮಾ ನೋಡಬೇಕು." ಸಿನಿಮಾದ ಹೆಸರೊಂದು ಅವಳಿಗೆ ನೆನಪಿತ್ತು. ಅದನ್ನು ನಾನು ಕಲಿಸುವ ಶಾಲೆಯ ಗಣಿತದ ಮೇಷ್ಟ್ರಿಗೆ ಹೇಳಿದೆ. ಅವರು ಬಂಗಾಳದ ಕಡೆಯಿಂದ ಬಂದ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನವರು. ಮನೆಯಲ್ಲಿ ಬಂಗಾಳಿ ಮಾತಾಡಿದರೂ ಅವರ ಕನ್ನಡ ನನ್ನದಕ್ಕಿಂತ ಹೆಚ್ಚು ಸಿಂಧನೂರಿನದು. ಹಳೆಯ ಸಿನಿಮಾ ಹುಡುಕುವುದು ಅವರಿಗೊಂದು ಹುಚ್ಚು. ಮೂರು ತಿಂಗಳಿಗೆ, "ಸಿಕ್ಕೈತ್ರಿ ಮೇಡಂ," ಎಂದು ಓಡಿ ಬಂದರು. ಯಾವನೋ ಪುಣ್ಯಾತ್ಮ ಇಂಟರ್ನೆಟ್ಟಿಗೆ ಹಾಕಿದ್ದ.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಬಂದು ನಮ್ಮ ಟಿವಿಗೆ ಮೊಬೈಲ್ ಜೋಡಿಸಿದರು. ಅವ್ವ ತಲೆ ಬಾಚಿಕೊಂಡು, ಮದುವೆಗೆ ಉಡುವ ಸೀರೆ ಉಟ್ಟು ಕೂತಿದ್ದಳು. ಚಿತ್ರದ ತುಂಬ ಗೀರು ಬಿದ್ದಿತ್ತು. ಮುಕ್ಕಾಲು ಗಂಟೆ ಕಳೆದ ಮೇಲೆ ಜಮೀನ್ದಾರನ ಮನೆಯ ಅಂಗಳಕ್ಕೆ ಒಂದೇ ಚಪ್ಪಲಿ ಮೆಟ್ಟಿದ ಸಣಕಲ ಆಳೊಬ್ಬ ಕುಂಟುತ್ತ ಬಂದ. ಮೂಗು ಥೇಟ್ ನನ್ನದು. 

ಅವನು ಅಲ್ಲಿ ಇಲ್ಲಿ ಹುಡುಕಿ, ನೇರ ನಮ್ಮ ಕಡೆ ತಿರುಗಿ, "ಇಲ್ಲೇ ಇತ್ತಲ್ಲರೀ, ಎಲ್ಲಿ ಹೋತು?" ಎಂದ. ಕಿವಿಗೆ ಕೈ ಹಚ್ಚಿದ. ಹಾಗೇ ನಿಂತ. ನಿಂತೇ ಇದ್ದ. ಮಾತಿಲ್ಲ, ಅಲುಗಾಟವಿಲ್ಲ.

"ನೆಟ್ವರ್ಕ್ ಹೋತು ಕಾಣ್ತೈತ್ರಿ," ಎಂದರು ಮೇಷ್ಟ್ರು. ನನಗೂ ಹಾಗೇ ಅನಿಸಿತು. ಮೊಬೈಲಿಗೆ ಬೆರಳಿಟ್ಟು ಸಿನಿಮಾವನ್ನು ಮುಂದಕ್ಕೆ ಓಡಿಸಿಬಿಟ್ಟೆ. ಅಜ್ಜ ಮಾಯವಾಗಿ ಕಥಾನಾಯಕಿ ಅಳತೊಡಗಿದಳು.

"ಮುಟ್ಟಬ್ಯಾಡ!" ಅವ್ವ ಎಷ್ಟು ಜೋರಾಗಿ ಕೂಗಿದಳೆಂದರೆ ಮೇಷ್ಟ್ರ ಕೈಯ ಚಹಾ ಚೆಲ್ಲಿತು. "ಅದು ನಿಂತಿಲ್ಲ. ಅವ ಕಾಯಾಕತ್ತಾನ."

ಆಗ ನನಗೆ ಹೊಳೆಯಿತು. ನಾಟಕದವನು ಮಾತ್ರ ಮಾಡಬಲ್ಲ ತಪ್ಪು ಅದು. ಅಂದು ಅವನ ಎದುರಿಗಿದ್ದದ್ದು ಒಂದು ಕ್ಯಾಮೆರಾ, ಅದರ ಹಿಂದೆ ಬಾಯಿ ಮುಚ್ಚಿ ನಿಂತ ನಾಲ್ಕು ಮಂದಿ. ಅಜ್ಜ ಮಾತ್ರ ರೂಢಿಯಂತೆ ಜನ ಒದರಲಿ ಎಂದು ಜಾಗ ಬಿಟ್ಟಿದ್ದ. ಅದನ್ನು ಕತ್ತರಿಸದೆ ಉಳಿಸಿದ್ದರು. ಸೋಮಾರಿತನಕ್ಕೋ, ಕನಿಕರಕ್ಕೋ, ದೇವರೇ ಬಲ್ಲ.

 ಆಮೇಲೆ ಅವ್ವ ನನಗೆ ಎಂದೂ ಹೇಳದ ಮಾತು ಹೇಳಿದಳು.

ಮದ್ರಾಸಿನಿಂದ ಬಂದ ಮೇಲೆ ಅಜ್ಜ ಮಸ್ಕಿಯ ಟೂರಿಂಗ್ ಟಾಕೀಸಿಗೆ ಸೇರಿದ್ದನಂತೆ. ಅಲ್ಲಿ ಒಂದೇ ಯಂತ್ರ. ರೀಲು ಮುಗಿದರೆ ಇನ್ನೊಂದನ್ನು ಹಚ್ಚುವ ತನಕ ಪರದೆಯ ಮುಂದೆ ನಿಂತು ಜನರನ್ನು ಹಿಡಿದಿಡುವುದು ಅವನ ಕೆಲಸ. ಒಂದು ದಿನ ಸಂಜೆಯ ಆಟಕ್ಕೆ ಒಂಬತ್ತು ವರ್ಷದ ಅವ್ವ ನೆಲದ ಮೇಲೆ, ಎಲ್ಲರಿಗಿಂತ ಮುಂದೆ ಕೂತಿದ್ದಳು. ಅಜ್ಜ 'ಚಪ್ಪಲಿ' ತಮಾಷೆ ಎತ್ತಿಕೊಂಡ. ಮಗಳನ್ನು ಕಂಡು ಹುರುಪು ಬಂತೋ ಏನೋ, ಜನರಿಗೆ ಸುಮ್ಮನಿರಿ ಎಂದು ಸನ್ನೆ ಮಾಡಿ ಅವಳೊಬ್ಬಳನ್ನೇ ಕೇಳಿದ: "ನೀ ಹೇಳಬೇ, ಎಲ್ಲಿ ಹೋತು?"

"ಸಾಲ್ಯಾಗ ನನಗ ಎಲ್ಲಾರೂ ಚಪ್ಪಲಿ ಮಗಳು ಅಂತಿದ್ರು," ಎಂದಳು ಅವ್ವ. "ನಮ್ಮ ಮಂದಿ ಬಗಲಾಗ ಚಪ್ಪಲಿ ಇಟಗೊಂಡು ಹೋಗೋದನ್ನ ಇವ ಊರಿಗೆಲ್ಲಾ ತೋರಿಸಿ ನಗಸ್ತಾನಲ್ಲಾ ಅಂತ ಸಿಟ್ಟು. ಬಾಯಿ ಮುಚಗೊಂಡು ಕುಂತೆ. ಅವ ಕಿವಿಗೆ ಕೈ ಹಚ್ಚಿ ನಿಂತಾ. ನಿಂತಾ. ಟೆಂಟಿಗೆ ಟೆಂಟೇ ಸುಮ್ಮ ಆತು. ನಾ ಹೇಳಲಿಲ್ಲ."

ಅಂದಿನ ನಂತರ ಅಜ್ಜ ಆ ತಮಾಷೆಯನ್ನು ಮತ್ತೆ ಮಾಡಲಿಲ್ಲವಂತೆ. ಮಗಳನ್ನು ಒಂದು ಮಾತೂ ಅನ್ನಲಿಲ್ಲ.

"ಅವ ನಮ್ಮನ್ನ ನಗ್ಯಾಡಿಲ್ಲ, ಗೌಡರ ಬಗಲಾಗ ಕೈ ಹಾಕ್ಯಾನ ಅಂತ ನನಗ ತಿಳಿಯೂದ್ರಾಗ ಅವ ಹೋಗಿದ್ದ," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.  

"ಹಿಂದಕ ತಗೊಂಡು ಹೋಗ್ರಿ ಮಾಸ್ತರ," ಎಂದಳು.

ಮೇಷ್ಟ್ರು ಹಿಂದಕ್ಕೆ ಒಯ್ದರು. ಅಜ್ಜ ಮತ್ತೆ ಕುಂಟುತ್ತ ಬಂದ, ಹುಡುಕಿದ, ನಮ್ಮ ಕಡೆ ತಿರುಗಿದ. "ಎಲ್ಲಿ ಹೋತು?" ಕಿವಿಗೆ ಕೈ ಹಚ್ಚಿ ನಿಂತ. ಅವ್ವ ಕುರ್ಚಿಯ ತುದಿಗೆ ಜರುಗಿದಳು.  ಅವನು ಇನ್ನೂ ನಿಂತೇ ಇದ್ದ.

"ಬಗಲಾಗ ಐತೋ ಯಪ್ಪಾ!" ಎಂದು ಒದರಿದಳು.

ಪರದೆಯ ಮೇಲೆ ಅಜ್ಜ ಕಿವಿಯಿಂದ ಕೈ ತೆಗೆದ. ಅವನ ಮುಖ ಅರಳಿತು. "ಯಾರ ಬಗಲಾಗ?" ಎಂದ.

ಅವ್ವ ನಕ್ಕಳು. ಅಳುತ್ತಲೇ ನಕ್ಕಳು. ಕೆಮ್ಮು ಬರುವ ತನಕ ನಕ್ಕು, ಮೇಷ್ಟ್ರ ತೋಳು ಹಿಡಿದು ಅಲುಗಾಡಿಸಿದಳು.

"ಇನ್ನೊಮ್ಮೆ ಹಚ್ರಿ," ಎಂದಳು. "ಈ ಸಲ ನೀವಿಬ್ಬರೂ ಒದರ್ರಿ. ಅವಗ ಮಂದಿ ಬೇಕು."