ಕುಂಕುಮ ಹತ್ತಿದ ಹರಳು

ಟೇಪು ಎಳೆಯುವ ಚರ್ರೆಂಬ ಸದ್ದು ಕೇಳಿದರೆ ಈಗಲೂ ನನಗೆ ಎದೆ ಹಿಡಿದಂತಾಗುತ್ತದೆ. ಪಡಸಾಲೆಯಲ್ಲಿ ಸೊಸೆ ಬಸಮ್ಮ ಶೇಂಗಾ ಚಟ್ನಿಯ ಡಬ್ಬಿಯನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ಟೇಪು ಸುತ್ತುತ್ತಿದ್ದಾಳೆ. ಮೊಮ್ಮಗಳು ಶಶಿಗೆ ಹೋಗುವ ಪಾರ್ಸಲ್ಲು. ಚಟ್ನಿ ಕಟ್ಟುವುದಕ್ಕೆ ಹೆದರುವ ಮುದುಕಿ ಎಂದು ನೀವು ನಗಬಹುದು. ಆ ಮಧ್ಯಾಹ್ನ ಕೂಡ್ಲಿಗಿಯ ಈ ಮನೆಯಲ್ಲಿ ನೀವು ಇರಲಿಲ್ಲ.

ಶಶಿ ಆಗ ಹೈದರಾಬಾದಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮುಂಬಯಿಗೆ ಹೊರಟವಳು ಸುತ್ತು ಹಾಕಿಕೊಂಡು ಮನೆಗೆ ಬಂದಿದ್ದಳು. ಚೀಲದಲ್ಲೊಂದು ಪುಟ್ಟ ಡಬ್ಬಿ, ಅದರೊಳಗೆ ಹತ್ತಿಯ ಮೇಲೆ ಉಗುರಿನಷ್ಟು ಕಪ್ಪು ಹರಳು. ಹುಡುಗಿಯರಾಗಿದ್ದಾಗ ಗುಡೇಕೋಟೆಯ ಗುಡ್ಡದಲ್ಲಿ ನಾವು ಆರಿಸುತ್ತಿದ್ದ ಕಾಗೆ ಬಂಗಾರದಂತೆ ಪದರ ಪದರ, ಮಿರಿಮಿರಿ.

"ಇದಕ್ಕ ಇಷ್ಟು ಓದಬೇಕೇನು?" ಅಂದೆ.

"ಇದರಾಗ ಎಲೆಕ್ಟ್ರಾನ್ ಅಂತ ಕಣ ಅದಾವಜ್ಜಿ. ಎಲ್ಲಾ ಕಡಿ ಸಮ ಹರಡಿರ್ತಾವು. ಬಾಳ ತಣ್ಣಗ ಮಾಡಿದ್ರ ಗುಂಪು ಕಟ್ತಾವು."

"ಚಳಿಗೆ ಕುರಿ ಗುಂಪಾಗೋದು ನನಗ ಗೊತ್ತಿಲ್ಲೇನು?"

"ಕುರಿ ಒಂದ ಕಡಿ ಒತ್ಕೊಂತಾವು. ಇವು ಹಂಗಲ್ಲ." ನಾನು ಪೋಣಿಸುತ್ತಿದ್ದ ಹಡಗಲಿ ಮಲ್ಲಿಗೆಯನ್ನು ಎಳೆದುಕೊಂಡು, ದಾರದ ಮೇಲೆ ಹೂ ಸರಿಸಿ ಒಂದು ಕಡೆ ದಟ್ಟ, ಒಂದು ಕಡೆ ತೆಳು, ಮತ್ತೆ ದಟ್ಟ, ಮತ್ತೆ ತೆಳು ಮಾಡಿದಳು. "ಹೂವು ಅಷ್ಟ ಅದಾವು. ನಿಲ್ಲೋ ರೀತಿ ಬದಲಾತು, ನೀರಿನ ಅಲಿ ಇದ್ದಂಗ. ಆಗ ಕರೆಂಟಿಗೆ ತಡೆ ಒಮ್ಮೆಲೆ ಏರತೈತಿ. ಅದನ್ನ ಅಳೆಯಾಕ ಹೊಂಟೀನಿ."

ಮೂರನೆಯ ತರಗತಿಗೆ ಶಾಲೆ ಬಿಟ್ಟವಳಿಗೆ ಅರ್ಥವಾಗಬೇಕಾದಷ್ಟು ಆಯಿತು. ಮಾಲೆ ಕೆಡಿಸಿದ್ದಕ್ಕೆ ಬೈದೆ.

ಗಾಜಿನ ಕೊಳವೆಯಲ್ಲಿ ಮುಚ್ಚಿ, ವಾರಗಟ್ಟಲೆ ಕುಲುಮೆಯಲ್ಲಿಟ್ಟು ಬೆಳೆಸಿದ ಹರಳುಗಳಲ್ಲಿ ಸರಿಯಾಗಿ ಬಂದದ್ದು ಅದೊಂದೇ. ಮುಂಬಯಿಯ ಯಂತ್ರ ಅವಳಿಗೆ ಸಿಕ್ಕಿದ್ದು ಆ ವಾರ ಮಾತ್ರ. ತಪ್ಪಿದರೆ ಆ ಕೆಲಸ ಬೇರೊಬ್ಬರ ಪಾಲು.

ನಮ್ಮ ಮನೆಯಲ್ಲಿ ದೇವರ ಜಗಲಿ ಮುಟ್ಟದೆ ಯಾವುದೂ ಹೊರಡುವುದಿಲ್ಲ. ಬಿತ್ತುವ ಬೀಜ, ಪರೀಕ್ಷೆಯ ಪೆನ್ನು, ಬೋರಿನ ಹೊಸ ಮೋಟರು, ಎಲ್ಲಕ್ಕೂ ಕುಂಕುಮ. ಹೊರಡುವ ದಿನ ಶಶಿ ಸ್ನಾನಕ್ಕೆ ಹೋದಾಗ ಬಸಮ್ಮ ಡಬ್ಬಿ ತೆರೆದು, ಒದ್ದೆ ಬೆರಳಿನಲ್ಲಿ ಹರಳಿಗೇ ಬೊಟ್ಟಿಟ್ಟಳು.

ಸ್ನಾನ ಮುಗಿಸಿ ಬಂದ ಶಶಿ ಅದನ್ನು ನೋಡಿದಳು. ಹಾಗೇ ಕುಕ್ಕರಿಸಿದಳು.

"ಯವ್ವಾ, ಇದರ ಮ್ಯಾಲೆ ತಂತಿ ಕೂಡಿಸಬೇಕು. ಇನ್ನ ಕೂಡಂಗಿಲ್ಲ."

"ಒಳ್ಳೇದಾಗ್ಲಿ ಅಂತ ಹಚ್ಚಿದೆ ಮಗಾ. ಒರೆಸ್ತೀನಿ ತಾ."

"ಮುಟ್ಟಬ್ಯಾಡ."

ಇಬ್ಬರ ಕಣ್ಣಲ್ಲೂ ನೀರು. "ಅಳೋರು ಹಿತ್ತಲಕ್ಕ ಹೋಗ್ರಿ," ಅಂದೆ. "ಈಗೇನು ಮಾಡಬೇಕು, ಅದನ್ನ ಹೇಳು."

"ಟೇಪು ಹಚ್ಚಿ ಮ್ಯಾಲಿನ ಪದರ ಕೀಳಬೇಕು. ಲ್ಯಾಬಿನಾಗೂ ಹಂಗ ಮಾಡ್ತೀವಿ. ಆದ್ರ ಇದು ತೆಳ್ಳಗೈತಿ. ಸೀಳಿದ್ರ ಮುಗೀತು."

ಪುಸ್ತಕದಂಗಡಿಯಿಂದ ಟೇಪು ಬಂತು. ಹರಳು ಹಾರೀತೆಂದು ಫ್ಯಾನು ನಿಲ್ಲಿಸಿದೆವು. ಶಶಿ ನನ್ನ ಕೈಗನ್ನಡಿಗೆ ಹರಳನ್ನು ಅಂಟಿಸಿ ಕನ್ನಡಿಯನ್ನು ನನಗೇ ಹಿಡಿಸಿದಳು. ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು.

"ಅಜ್ಜಿ, ಕೈ ನಡುಗಿಸಬ್ಯಾಡ."

"ನಡುಗೋದು ನಿನ್ನ ಕೈ, ನೋಡ್ಕ."

ಚರ್ರೆಂದಿತು. ನಾನು ಕಣ್ಣು ಮುಚ್ಚಿಬಿಟ್ಟೆ. ತೆರೆದಾಗ ಟೇಪಿನ ಮೇಲೆ ಕಪ್ಪು ಹೊಟ್ಟಿನಂಥ ಪದರ, ಅದರಲ್ಲಿ ಕೆಂಪು ಬೊಟ್ಟು. ಕನ್ನಡಿಯ ಮೇಲಿನ ಹರಳಿನಲ್ಲಿ ನಮ್ಮ ಸೂರಿನ ತೊಲೆ ಕಾಣುವಂಥ ಹೊಳಪು. ಒಂದು ಮೂಲೆ ಮಾತ್ರ ಮುರಿದಿತ್ತು.

"ಸಾಕಾಗತೈತೇನು?"

"ಗೊತ್ತಿಲ್ಲಜ್ಜಿ," ಎಂದು ಶಶಿ ಹೊಸಪೇಟೆಯ ಬಸ್ಸು ಹತ್ತಿದಳು.

ಆ ವಾರ ಬಸಮ್ಮ ಕುಂಕುಮದ ಬಟ್ಟಲು ಮುಟ್ಟಲಿಲ್ಲ. ಕೊನೆಗೆ ಪಕ್ಕದ ಮನೆಗೆ ಫೋನು ಬಂತು.

"ತಡೆ ಏರಿತಜ್ಜಿ, ಒಮ್ಮೆಲೆ. ಅವ್ವಗ ಹೇಳು."

ಹೇಳಿದೆ. ಬಸಮ್ಮ ಆಗ ಹಿತ್ತಲಿಗೆ ಹೋಗಿ ಅತ್ತಳು.

ಈಗ ಅವಳು ಪೆಟ್ಟಿಗೆಯ ಮುಂದೆ ಬಟ್ಟಲು ಹಿಡಿದು ನಿಂತಿದ್ದಾಳೆ. "ಅತ್ತಿ, ಹಚ್ಚಲೇನು?"

"ಪೆಟ್ಟಿಗಿಗೆ ಹಚ್ಚು. ಚಟ್ನಿಗೆ ಹಚ್ಚಬ್ಯಾಡ."

ನಕ್ಕು ಬೊಟ್ಟಿಟ್ಟಳು. ಅದು ಅಳಿಸದಂತೆ ಮೇಲೊಂದು ಸುತ್ತು ಬೇಕಿತ್ತು. ಟೇಪು ಇತ್ತ ತಾ ಎಂದು ಇಸಿದುಕೊಂಡು ನಾನೇ ಎಳೆದೆ. ಚರ್ರೆಂದಿತು. ಈ ಸಲ ಕಣ್ಣು ಮುಚ್ಚಲಿಲ್ಲ.