ಮೂವತ್ತೈದು ಸಾವಿರ ಅಡಿ ಮೇಲಿನಿಂದ ಹೌಸಿ

ವಾರದ ಐದು ದಿನ ಲೂರ್ಡ್ಸ್ ಪಾಯಸ್ ಕೊಲ್ಲಿ ದೇಶದ ಫರ್ವಾನಿಯಾ ಎಂಬ ಊರಿನ ಒಂದು ಖಾಸಗಿ ಕ್ಲಿನಿಕ್ಕಿನ ರೆಕಾರ್ಡ್ ರೂಮಿನಲ್ಲಿ ಕೂತು ರೋಗಿಗಳ ಫೈಲು ಹುಡುಕಿಕೊಡುತ್ತಿದ್ದಳು. ಕಿಟಕಿ ಇಲ್ಲದ ಕೋಣೆ ಅದು. ಇಪ್ಪತ್ತೊಂದು ವರ್ಷಗಳಲ್ಲಿ ಅವಳು ದನಿ ಎತ್ತಿ ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಅದೇ ಹೆಂಗಸಿನ ಕೈಗೆ ಮೈಕು ಕೊಟ್ಟು, ಪಕ್ಕದಲ್ಲಿ ಹೌಸಿಯ ಚೀಲ ಇಟ್ಟರೆ ಬೇರೆಯೇ ಆಗಿಬಿಡುತ್ತಿದ್ದಳು.

ಹೌಸಿ ಆಟ ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ತೀರಾ ಸುಲಭ. ಒಂದರಿಂದ ತೊಂಬತ್ತರವರೆಗಿನ ಬಿಲ್ಲೆಗಳು ಒಂದು ಚೀಲದಲ್ಲಿ. ಪ್ರತಿಯೊಬ್ಬರ ಟಿಕೆಟ್ಟಿನಲ್ಲೂ ಮೂರು ಸಾಲುಗಳಲ್ಲಿ ಹದಿನೈದು ಅಂಕಿಗಳು. ಚೀಲದಿಂದ ತೆಗೆದ ಅಂಕಿಯನ್ನು ಒಬ್ಬರು ಕೂಗುತ್ತಾರೆ, ಟಿಕೆಟ್ಟಿನಲ್ಲಿ ಇದ್ದವರು ಹೊಡೆದು ಹಾಕುತ್ತಾರೆ. ಒಂದು ಸಾಲನ್ನು ಮೊದಲು ಮುಗಿಸಿದವರಿಗೆ ಲೈನ್, ಹದಿನೈದೂ ಮೊದಲು ಹೊಡೆದವರಿಗೆ ಫುಲ್ ಹೌಸ್. ಆಟ ಇಷ್ಟೇ, ಆದರೆ ಅದರ ಜೀವ ಇರುವುದು ಕೂಗುವವರಲ್ಲಿ. ಲೂರ್ಡ್ಸ್ ಬರೇ ಅಂಕಿ ಕೂಗಿದವಳಲ್ಲ. "ಮೂವತ್ತು, ಬ್ಯಾಗೇಜಿನ ತೂಕ" ಎನ್ನುವಳು. ಅದೃಷ್ಟಕ್ಕೆ ಮುಂದೆ ಮೂವತ್ತೊಂದು ಬಂದರೆ "ಕೌಂಟರಿನಲ್ಲಿ ಜಗಳ" ಎನ್ನುವಳು. ನಲವತ್ತೊಂಬತ್ತು ಬಂದರೆ "ಜುಲೈ ತಿಂಗಳ ಮಧ್ಯಾಹ್ನ", ಅರವತ್ತು ಬಂದರೆ "ಗಂಟು ಮೂಟೆ ಕಟ್ಟು". ಕರಾವಳಿಯ ನಲವತ್ತು ಕುಟುಂಬಗಳ ವಾರ್ಷಿಕ ಕೂಟದಲ್ಲಿ ಕೊಂಕಣಿಯವರು, ತುಳುವರು, ಬ್ಯಾರಿಗಳು ಎಲ್ಲ ಇರುತ್ತಿದ್ದ ಕಾರಣ ಅವಳು ಕೂಗುತ್ತಿದ್ದುದು ಕನ್ನಡದಲ್ಲಿ.

ಆ ವರ್ಷ ಕೂಟಕ್ಕೆ ಎರಡು ವಾರ ಮೊದಲು ಲೂರ್ಡ್ಸ್ ಊರಿಗೆ ಹೋದಳು. ಹೋದದ್ದು ಹಲ್ಲಿಗಾಗಿ. ಮೂರು ದವಡೆ ಹಲ್ಲಿಗೆ ಮಂಗಳೂರಿನಲ್ಲಿ ಕ್ಯಾಪ್ ಹಾಕಿಸಬೇಕಿತ್ತು. ಹೌಸಿ ಚೀಲವನ್ನೂ ಒಯ್ದಿದ್ದಳು, ಏಕೆಂದರೆ ಹದಿನಾಲ್ಕು ಮತ್ತು ಅರವತ್ತೆಂಟರ ಬಿಲ್ಲೆಗಳು ಯಾವುದೋ ಪಾರ್ಟಿಯಲ್ಲಿ ಕಳೆದುಹೋಗಿದ್ದವು. ಉಳಿದವು ಹಲಸಿನ ಮರದವು. ಅಂಥದೇ ಎರಡನ್ನು ಬಡಗಿಯ ಹತ್ತಿರ ಮಾಡಿಸಿಕೊಂಡಳು. ಗುರುವಾರ ಹಿಂತಿರುಗಿ ಶುಕ್ರವಾರ ಕೂಟ ಎಂಬುದು ಲೆಕ್ಕಾಚಾರ. ಬುಧವಾರ ಸಂಜೆ ಫೋನಿಗೆ ಸಂದೇಶ ಬಂತು. ವಿಮಾನದ ವೇಳೆ ಬದಲಾಗಿದೆ, ಹೊರಡುವುದು ಶುಕ್ರವಾರ ಮಧ್ಯಾಹ್ನ, ಬೆಂಗಳೂರಿನಿಂದ.

ಗಂಡ ಸೆಡ್ರಿಕ್‌ಗೆ ಫೋನು ಮಾಡಿದಳು. ಲಿಫ್ಟ್ ರಿಪೇರಿ ಕಂಪನಿಯಲ್ಲಿ ಕೆಲಸ ಮಾಡುವ ಮನುಷ್ಯ, ಯಾವುದಕ್ಕೂ ಗಾಬರಿಯಾಗುವವನಲ್ಲ.

"ಹೌಸಿ ಇರೋದು ಊಟ ಆದ ಮೇಲೆ, ಎರಡು ಗಂಟೆಗೆ," ಎಂದ. "ಆಗ ನೀನು ಸಮುದ್ರದ ಮೇಲೆ ಇರ್ತಿ. ರಾಯ್ಸ್ಟನ್ ಹೇಳ್ತಾನೆ, ಆ್ಯಪಿನಲ್ಲಿ ಆಡಿಸುವ ಅಂತ."

ರಾಯ್ಸ್ಟನ್ ಕೂಟದ ಸೆಕ್ರೆಟರಿ. ಹಿಂದಿನ ವರ್ಷ ಲೂರ್ಡ್ಸಿಗೆ ಜ್ವರ ಬಂದಾಗಲೂ ಅವನು ಆ್ಯಪ್ ಹಾಕಿದ್ದ. ಯಂತ್ರದ ಹೆಣ್ಣು ದನಿಯೊಂದು ಇಂಗ್ಲಿಷಿನಲ್ಲಿ ಅಂಕಿ ಹೇಳುತ್ತಾ ಹೋಯಿತು, ಇಪ್ಪತ್ತು ಅಂಕಿಯಾಗುವಷ್ಟರಲ್ಲಿ ಅರ್ಧ ಜನ ಐಸ್‌ಕ್ರೀಮಿನ ಸಾಲಿನಲ್ಲಿದ್ದರು.

"ವಿಮಾನದಲ್ಲಿ ವೈಫೈ ಉಂಟಂತೆ," ಎಂದಳು ಲೂರ್ಡ್ಸ್. "ಟಿಕೆಟ್ಟಿನಲ್ಲಿ ಬರೆದಿದ್ದಾರೆ. ನಾನು ಅಲ್ಲಿಂದ ಕೂಗ್ತೇನೆ."

ಹಿಂದಿನಿಂದ ಹದಿನಾರರ ಮಗಳು ಮೆಲಿಶಾಳ ದನಿ ಬಂತು. "ಮಮ್ಮಿ, ಜಸ್ಟ್ ಯೂಸ್ ದಿ ಆ್ಯಪ್." ಮೆಲಿಶಾಗೆ ಕೊಂಕಣಿ, ಕನ್ನಡ ಎರಡೂ ಅರ್ಥವಾಗುತ್ತಿದ್ದವು. ಯಾವುದರಲ್ಲಿ ಕೇಳಿದರೂ ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಶುಕ್ರವಾರ ವಿಮಾನ ಮೇಲೇರಿ, ಸೀಟ್‌ಬೆಲ್ಟಿನ ದೀಪ ಆರಿ, ಊಟವೂ ಮುಗಿದು ಹೌಸಿಯ ಹೊತ್ತು ಹತ್ತಿರವಾದಾಗ ಲೂರ್ಡ್ಸ್ ಫೋನು ತೆಗೆದಳು. ಯಾವುದನ್ನು ಒತ್ತಬೇಕೆಂದು ತಿಳಿಯಲಿಲ್ಲ. ಪಕ್ಕದ ಸೀಟಿನಲ್ಲಿ ನೀಲಿ ದುಪಟ್ಟಾ ಹೊದ್ದ ಹೆಂಗಸು ಇದ್ದಳು. ಹೆಸರು ಝುಬೈದಾ. ಗಂಡನಿಗೆ ಅಬು ಹಲೀಫಾದಲ್ಲಿ ಅತ್ತರಿನ ಅಂಗಡಿ, ಊರು ಬಂಟ್ವಾಳದ ಹತ್ತಿರ. ಅವಳೇ ಫೋನು ಇಸಿದುಕೊಂಡು ಈಮೇಲ್ ಹಾಕಿ, ಏನೇನೋ ಒಪ್ಪಿಕೊಂಡು, ಪರದೆ ತೋರಿಸಿದಳು.

"ಮೆಸೇಜು ಮಾತ್ರ ಫ್ರೀ. ಫೋಟೋ ಹೋಗುದಿಲ್ಲ, ವಾಯ್ಸ್ ಇಲ್ಲ, ಕಾಲ್ ಅಂತೂ ಇಲ್ಲವೇ ಇಲ್ಲ."

ಲೂರ್ಡ್ಸಿಗೆ ನಂಬಿಕೆ ಬರಲಿಲ್ಲ. ಹಾದುಹೋಗುತ್ತಿದ್ದ ಪರಿಚಾರಕ ಜಾರ್ಜ್‌ನನ್ನು ನಿಲ್ಲಿಸಿ ಕೇಳಿದಳು. ಅವನು ಎಂಟು ವರ್ಷದಿಂದ ಈ ದಾರಿಯಲ್ಲೇ ಹಾರುವವನು.

"ಕಾಲ್ ಯಾರಿಗೂ ಬಿಡೋದಿಲ್ಲ, ಮೇಡಂ. ಎಲ್ಲರೂ ಮಾತಾಡಿದರೆ ಒಳಗೆ ಮೀನಿನ ಮಾರ್ಕೆಟ್ ಆಗ್ತದೆ," ಎಂದ.

ಕೂಗಲಿಕ್ಕೆ ಆಗದಿದ್ದರೆ ಬರೆಯಬಹುದಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಅಲ್ಲಿ ಯಾರಾದರೂ ಓದಿದರಾಯಿತು. ಸೆಡ್ರಿಕ್‌ಗೆ ಸಂದೇಶ ಕಳಿಸಿದಳು. ಮೋಡದ ಮೇಲಿನಿಂದ ಹೋದ ನಾಲ್ಕು ಮಾತಿಗೆ ಅರೆನಿಮಿಷದಲ್ಲಿ ಉತ್ತರ ಬಂತು: "ರಾಯ್ಸ್ಟನ್ ಓದ್ತಾನಂತೆ. ಯಲ್ಲಾ, ಶುರು ಮಾಡು." ಲೂರ್ಡ್ಸ್ ಆ ಸಾಲನ್ನು ಮೂರು ಸಲ ಓದಿದಳು. ಹೊರಗೆ ನೋಡಿದರೆ ಬರೇ ನೀಲಿ, ಕೆಳಗೆಲ್ಲೋ ಅರಬ್ಬಿ ಸಮುದ್ರ. ಅಂಥ ಜಾಗದಲ್ಲಿ ಕೂತು ಗಂಡನ ಹತ್ತಿರ ಅರಬ್ಬಿಯ 'ಯಲ್ಲಾ', ಅಂದರೆ 'ನಡಿ ಮತ್ತೆ', ಅನ್ನಿಸಿಕೊಳ್ಳುವುದು ಅವಳ ಮೈ ಜುಮ್ಮೆನ್ನಿಸಿತು.

ಚೀಲ ಬಿಚ್ಚಿದಾಗ ಝುಬೈದಾ ಅನುಮಾನದಿಂದ ನೋಡಿದಳು. "ಇದಕ್ಕೆ ದುಡ್ಡು ಉಂಟಾ?"

"ಇಲ್ಲ ಮಾರಾಯ್ತಿ. ಟಿಕೆಟ್ ಫ್ರೀ. ಗೆದ್ದವರಿಗೆ ಪ್ರೆಶರ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ಅಂಥದ್ದು."

"ಹಾಗಾದರೆ ಕೊಡಿ," ಎಂದು ಝುಬೈದಾ ತನ್ನ ಟ್ರೇಯನ್ನೂ ಬಿಡಿಸಿದಳು. "ಬಿಲ್ಲೆ ನಾನು ಸಾಲಾಗಿ ಇಡ್ತೇನೆ. ನೀವು ಬರೀರಿ."

ಅಲ್ಲಿಯ ಸಮಯ ಎರಡೂ ಕಾಲರ ಹೊತ್ತಿಗೆ ಆಟ ಶುರುವಾಯಿತು. ಲೂರ್ಡ್ಸ್ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಕಳಿಸತೊಡಗಿದಳು. ಏಳು, ಒಣಮೀನಿನ ಕೊಕ್ಕೆ. ಐವತ್ತೈದು, ಎರಡು ಹೊಟ್ಟೆ ಒಂದೇ ಸೋಫಾ. ಎಂಭತ್ತೊಂಬತ್ತು, ಅಜ್ಜಿಗೆ ಇನ್ನೂ ಹಲ್ಲು ಗಟ್ಟಿ. ಆರನೆಯದನ್ನು ಕಳಿಸುವಾಗ ಸೆಡ್ರಿಕ್‌ನ ಸಂದೇಶ ಬಂತು: "ರಾಯ್ಸ್ಟನ್ ಓದೋದು ಕಂಪನಿ ಸರ್ಕ್ಯುಲರ್ ಓದಿದ ಹಾಗೆ. ಜನ ಏಳ್ತಾ ಇದ್ದಾರೆ."

ಅವಳು ಮುಂದಿನ ಬಿಲ್ಲೆ ತೆಗೆಯದೆ ಫೋನನ್ನೇ ನೋಡಿದಳು. ಸಾವಿರ ಮೈಲಿ ದೂರದಲ್ಲಿ ತನ್ನ ಮಾತು ಬೇರೆಯವರ ಬಾಯಲ್ಲಿ ಒಣಗುತ್ತಿದೆ, ಏನೂ ಮಾಡುವ ಹಾಗಿಲ್ಲ. ಎರಡು ನಿಮಿಷ ಸುಮ್ಮನಿದ್ದ ಫೋನು ಮತ್ತೆ ಮಿಣುಕಿತು.

"ಮೈಕ್ ಮೆಲಿಶಾ ತೆಗೊಂಡಳು."

ಲೂರ್ಡ್ಸ್ ಝುಬೈದಾಗೆ ಫೋನು ತೋರಿಸಿದಳು. "ನನ್ನ ಮಗಳು. ಕನ್ನಡದಲ್ಲಿ ಒಂದು ಲೋಟ ನೀರು ಕೇಳಿದವಳಲ್ಲ."

ಮುಂದಿನ ಬಿಲ್ಲೆ ಹದಿನಾರು. ಅದು ಮಗಳ ಪ್ರಾಯ. ಅವಳು ಬರೆದಳು: "ಹದಿನಾರು, ಮನೆಯಲ್ಲಿ ಮಾತೇ ಇಲ್ಲ." ಕಳಿಸಿದ ಮೇಲೆ, ಯಾಕೆ ಕಳಿಸಿದೆ, ಎಲ್ಲರ ಎದುರು ಹುಡುಗಿಗೆ ಬೇಸರವಾಯಿತೇನೋ ಎಂದು ಕಸಿವಿಸಿಯಾಯಿತು. ಉತ್ತರಕ್ಕೆ ಕಾದಳು. ಸೆಡ್ರಿಕ್ ಬರೆದ: "ಅವಳು ಓದಿದಳು. ಓದಿ, ತಾನೇ ಸೇರಿಸಿದಳು, ಮಮ್ಮಿ ಮಾತಾಡಿ ಮುಗಿಸಿದರೆ ತಾನೇ ನಾನು ಮಾತಾಡೋದು ಅಂತ. ಕನ್ನಡದಲ್ಲೇ. ಹಾಲ್ ಬಿದ್ದು ಬಿದ್ದು ನಗ್ತಾ ಉಂಟು."

ಲೂರ್ಡ್ಸ್ ಕೂಡ ನಕ್ಕಳು, ನಕ್ಕದ್ದು ಹೊಸ ಹಲ್ಲಿಗೆ ಸ್ವಲ್ಪ ನೋವಾಗುವಷ್ಟು. ಆ ಮಾತು ಚುಚ್ಚಿದ್ದೂ ನಿಜ. ಮಗಳ ದನಿ ಹೇಗಿತ್ತು, ಯಾವ ಮಾತಿನ ಮೇಲೆ ಒತ್ತು ಕೊಟ್ಟಳು, ಇದನ್ನು ಕೇಳಲಿಕ್ಕೆ ಆ ಹೊತ್ತಿನಲ್ಲಿ ಅವಳು ಏನು ಬೇಕಾದರೂ ಕೊಡುತ್ತಿದ್ದಳು. ಕೇಳುವ ದಾರಿ ಇರಲಿಲ್ಲ. ಬರೆದಳು, ಕಳಿಸಿದಳು, ಕಾದಳು. ಮೆಲಿಶಾ ಏನನ್ನು ಸೇರಿಸುತ್ತಾಳೆಂಬ ಕುತೂಹಲಕ್ಕೇ ಸಾಲುಗಳನ್ನು ಅರ್ಧಕ್ಕೆ ಬಿಟ್ಟು ಕಳಿಸತೊಡಗಿದಳು. ಮಗಳು ಆ ಕಡೆ ಪೂರ್ತಿ ಮಾಡುತ್ತಿದ್ದಳು, ಸೆಡ್ರಿಕ್ ವರದಿ ಕಳಿಸುತ್ತಿದ್ದ. ಮೂರು ಸಾಲುಗಳ ಬಹುಮಾನಗಳು ಹೋದವು. ಗೆದ್ದವರ ಅಂಕಿಗಳನ್ನು ಸೆಡ್ರಿಕ್ ಬರೆದು ಕಳಿಸಿದಾಗ ಝುಬೈದಾ ಅವನ್ನು ಬೋರ್ಡಿಂಗ್ ಪಾಸಿನ ಬೆನ್ನಿಗೆ ಗೀಚಿ, ಬಿಲ್ಲೆಗಳ ಜೊತೆ ತಾಳೆ ನೋಡಿ, "ಸರಿ ಉಂಟು" ಎನ್ನುತ್ತಿದ್ದಳು. ಹಿಂದಿನ ಸೀಟಿನ ಇಬ್ಬರು ಎದ್ದು ನಿಂತು ನೋಡುತ್ತಿದ್ದರು. ಜಾರ್ಜ್ ಕಾಫಿ ಕೊಡುವ ನೆಪದಲ್ಲಿ ನಾಲ್ಕು ಸಲ ಬಂದ.

ಉಳಿದದ್ದು ಫುಲ್ ಹೌಸ್ ಮಾತ್ರ. ಅರವತ್ತಕ್ಕೂ ಹೆಚ್ಚು ಬಿಲ್ಲೆಗಳು ಟ್ರೇಯ ಮೇಲಿದ್ದವು. ಲೂರ್ಡ್ಸ್ ಮತ್ತೊಂದನ್ನು ತೆಗೆದಳು. ಎಂಭತ್ತೊಂಬತ್ತು.

"ಇದು ಆಗಲೇ ಬಂದಿದೆ," ಎಂದಳು ಝುಬೈದಾ. ಸಾಲಿನಿಂದ ಹಳೆಯದನ್ನು ಎತ್ತಿ ಪಕ್ಕದಲ್ಲಿಟ್ಟಳು. ಈಗ ತೆಗೆದದ್ದು ಮಾಸಿದ ಬಿಲ್ಲೆ, ಅಂಕಿಯ ಅಡಿಯಲ್ಲಿ ಗೀಟು. ಮೊದಲು ಬಂದದ್ದು ಹೊಚ್ಚ ಹೊಸದು, ಗೀಟಿಲ್ಲ. ಲೂರ್ಡ್ಸ್ ಅದನ್ನು ತಿರುಗಿಸಿದಳು. ಅರವತ್ತೆಂಟು. ಯಾವ ಕಡೆ ಮೇಲೆಂದು ತೋರಿಸುವ ಗೀಟನ್ನು ಬಡಗಿ ಎಳೆದಿರಲಿಲ್ಲ, ಅವಳೂ ನೋಡಿರಲಿಲ್ಲ. ಹದಿನೆಂಟು ವರ್ಷಗಳ ಹೌಸಿಯಲ್ಲಿ ಮೊದಲ ಸಲ ತಪ್ಪು ಅಂಕಿ ಕೂಗಿದ್ದಳು.

"ಯಾರಿಗೆ ಗೊತ್ತಾಗ್ತದೆ," ಎಂದಳು ಝುಬೈದಾ ಮೆಲ್ಲಗೆ. "ಈಗ ಅರವತ್ತೆಂಟು ಬಂತು ಅಂತ ಹೇಳಿ. ಲೆಕ್ಕ ಒಂದೇ ಅಲ್ಲವಾ?"

"ಒಂದೇ ಅಲ್ಲ. ಅರವತ್ತೆಂಟು ಇದ್ದವರು ಒಂದು ಗಂಟೆಯಿಂದ ಸುಮ್ಮನೆ ಕಾಯ್ತಾ ಕೂತಿದ್ದಾರೆ. ಹೇಳಬೇಕು."

ಝುಬೈದಾ ಬೋರ್ಡಿಂಗ್ ಪಾಸ್ ತಿರುಗಿಸಿ, ಗೆದ್ದ ಮೂರು ಸಾಲುಗಳ ಮೇಲೆ ಬೆರಳಾಡಿಸಿದಳು. ಯಾವುದರಲ್ಲೂ ಎಂಭತ್ತೊಂಬತ್ತು ಇರಲಿಲ್ಲ. ತಪ್ಪು ಅಂಕಿಯಿಂದ ಯಾರೂ ಗೆದ್ದಿಲ್ಲ, ಅಷ್ಟು ಸಮಾಧಾನ. ಲೂರ್ಡ್ಸ್ ಬರೆದಳು: "ತಪ್ಪು ನನ್ನದು. ಮೊದಲು ಹೇಳಿದ ಎಂಭತ್ತೊಂಬತ್ತು ನಿಜವಾಗಿ ಅರವತ್ತೆಂಟು. ಎಂಭತ್ತೊಂಬತ್ತು ಬಂದದ್ದು ಈಗ. ಎರಡೂ ಹೊಡೆಯಿರಿ." ಒತ್ತಿದಳು.

ಸಂದೇಶ ಹೋಗಲಿಲ್ಲ. ಮತ್ತೆ ಒತ್ತಿದಳು, ಹೋಗಲಿಲ್ಲ. ವೈಫೈಯ ಗುರುತೇ ಮಾಯವಾಗಿತ್ತು.

"ಕೆಲವು ಸಲ ಹೀಗೆ," ಎಂದ ಜಾರ್ಜ್. "ಸಿಗ್ನಲ್ ಹೋಗ್ತದೆ, ಬರ್ತದೆ. ಆದರೆ ಇನ್ನು ಇಪ್ಪತ್ತು ನಿಮಿಷದಲ್ಲಿ ಇಳಿಯಲಿಕ್ಕೆ ಶುರು. ಆಮೇಲೆ ನಾವೇ ಆಫ್ ಮಾಡ್ತೇವೆ."

ಅಷ್ಟರಲ್ಲಿ ವಿಮಾನ ಕುಲುಕಿತು. ಬಿಲ್ಲೆಗಳು ಟ್ರೇಯ ಮೇಲೆ ಕುಣಿದವು. ಝುಬೈದಾ ದುಪಟ್ಟಾದ ತುದಿಯನ್ನು ಅವುಗಳ ಮೇಲೆ ಹಾಸಿ, ಎರಡೂ ಮೊಣಕೈ ಊರಿ ಕೋಳಿ ಮೊಟ್ಟೆಗೆ ಕೂತ ಹಾಗೆ ಕೂತಳು. ಲೂರ್ಡ್ಸ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಐದು ನಿಮಿಷ. ಹತ್ತು. ಜನ ಎದ್ದುಹೋಗಿರುತ್ತಾರೆ, ಮಗಳು ಮೈಕು ಹಿಡಿದು ಒಂಟಿಯಾಗಿ ನಿಂತಿರುತ್ತಾಳೆ ಎಂದುಕೊಂಡಳು. ಹದಿಮೂರನೆಯ ನಿಮಿಷಕ್ಕೆ ಗುರುತು ಮೂಡಿತು. ಸಂದೇಶ ಹೋಯಿತು. ಅದರ ಬೆನ್ನಿಗೇ ಆ ಕಡೆಯಿಂದ ಕಟ್ಟಿ ನಿಂತಿದ್ದವೆಲ್ಲ ದಡದಡನೆ ಬಂದವು. ಎಲ್ಲಿದ್ದೀ. ಏನಾಯಿತು. ಮೆಲಿಶಾ ಜನರನ್ನು ಕೂರಿಸಿದ್ದಾಳೆ. ನಿನ್ನ ಹಾಗೆ ಮಾತಾಡಿ ತೋರಿಸ್ತಾ ಇದ್ದಾಳೆ, ನೀನು ಫ್ರಿಜ್ಜಿನ ಬಾಗಿಲು ಹಾಕು ಅಂತ ಬೈಯೋದು. ಒಬ್ಬರೂ ಎದ್ದಿಲ್ಲ.

ಕೊನೆಯದಾಗಿ, ಒಂದೇ ಸಾಲು: "ಲವಿಟಾ ಫುಲ್ ಹೌಸ್ ಅಂತಾಳೆ. ಅರವತ್ತೆಂಟಕ್ಕೆ."

ಲವಿಟಾ ಅಬು ಹಲೀಫಾದ ನರ್ಸು, ಬೆಳಗಿನ ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಕೂಟಕ್ಕೆ ಬಂದವಳು. ಸೆಡ್ರಿಕ್ ಅವಳ ಹದಿನೈದು ಅಂಕಿಗಳನ್ನು ಬರೆದು ಕಳಿಸಿದ. ಲೂರ್ಡ್ಸ್ ಒಂದೊಂದಾಗಿ ಓದಿದಳು, ಝುಬೈದಾ ದುಪಟ್ಟಾದಡಿಯಿಂದ ಒಂದೊಂದಾಗಿ ಹೆಕ್ಕಿದಳು. ಹನ್ನೊಂದನೆಯದಕ್ಕೆ ವಿಮಾನದ ಮೈಕಿನಲ್ಲಿ ಘೋಷಣೆ ಬಂತು, ಟ್ರೇ ಮಡಚಬೇಕು. ಜಾರ್ಜ್ ಬಂದು ನಿಂತ. ಇವರದನ್ನು ಬಿಟ್ಟು ಮುಂದಿನ ಸಾಲಿನವರ ಟ್ರೇ ಮಡಚಿಸಿದ, ಆಮೇಲೆ ಅದರ ಮುಂದಿನ ಸಾಲು, ತೀರಾ ನಿಧಾನವಾಗಿ. ಹದಿನಾಲ್ಕನೆಯದು ನಲವತ್ತೆರಡು. ಅದೊಂದು ಸಿಗಲಿಲ್ಲ. ಹಿಂದಿನ ಸೀಟಿನವನು ನೆಲದಿಂದ ಎತ್ತಿಕೊಟ್ಟ.

"ಹದಿನೈದೂ ಸರಿ," ಎಂದಳು ಝುಬೈದಾ.

"ಸರಿ" ಎಂದು ಒಂದೇ ಮಾತು ಲೂರ್ಡ್ಸ್ ಕಳಿಸಿದಳು. ಹೋದದ್ದು ಕಂಡಿತು. ಮರುಕ್ಷಣ ವೈಫೈ ಆರಿತು. ಅಲ್ಲಿಯ ಗಲಾಟೆ ಅವಳಿಗೆ ಕೇಳಲಿಲ್ಲ. ಇಲ್ಲಿ ಮಾತ್ರ ಹಿಂದಿನ ಮೂರು ಸಾಲಿನವರು ಚಪ್ಪಾಳೆ ತಟ್ಟಿದರು. ಅವರಲ್ಲಿ ಅರ್ಧಕ್ಕರ್ಧ ಮಂದಿಗೆ ಯಾತಕ್ಕೆಂದೇ ಗೊತ್ತಿರಲಿಲ್ಲ.

ವಿಮಾನ ನಿಲ್ದಾಣದ ಹೊರಗೆ ಸೆಡ್ರಿಕ್ ಮತ್ತು ಮೆಲಿಶಾ ಕಾದಿದ್ದರು. ಕೂಗಿ ಕೂಗಿ ಮೆಲಿಶಾಳ ಗಂಟಲು ಕಟ್ಟಿಹೋಗಿತ್ತು. "ಯು ಟೈಪ್ ಸೋ ಸ್ಲೋ, ಮಮ್ಮಿ," ಎಂದಳು. ಲೂರ್ಡ್ಸ್ ಏನೋ ಹೇಳಹೊರಟವಳು ನಿಲ್ಲಿಸಿಕೊಂಡಳು. ಕಾರಿನಲ್ಲಿ ಫಹಾಹೀಲ್ ರಸ್ತೆಯ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಸುಮ್ಮನಿದ್ದು ಕೇಳಿಸಿಕೊಂಡಳು. ಮೆಲಿಶಾ ಅಂಕಿ ಅಂಕಿಯಾಗಿ ಎಲ್ಲವನ್ನೂ ಹೇಳಿದಳು, ಇಂಗ್ಲಿಷಿನಲ್ಲಿ ಶುರು ಮಾಡಿ, ನಡುವೆ ಕನ್ನಡಕ್ಕೆ ಜಾರಿ, ಸಿಟ್ಟು ಬಂದ ಕಡೆ ಕೊಂಕಣಿಯಲ್ಲಿ. ರಾಯ್ಸ್ಟನ್ ಹೇಗೆ ಮೈಕು ಬಿಡಲಿಲ್ಲ ಎಂಬುದು ಪೂರ್ತಿ ಕೊಂಕಣಿಯಲ್ಲೇ ಇತ್ತು.

ಮುಂದಿನ ವರ್ಷದ ಕೂಟ ಅಬು ಹಲೀಫಾದಲ್ಲಿ ನಡೆಯಿತು. ಝುಬೈದಾ ಮನೆಮಂದಿಯೊಂದಿಗೆ ಬಂದಿದ್ದಳು. ವೇದಿಕೆಯ ಮೇಲೆ ಮೈಕು ಹಿಡಿದದ್ದು ಮೆಲಿಶಾ. ಹದಿನೆಂಟು ವರ್ಷ ಕೂಗಿದ ಲೂರ್ಡ್ಸ್ ಮೊದಲ ಬಾರಿ ಟಿಕೆಟ್ಟು ಹಿಡಿದು ಝುಬೈದಾಳ ಪಕ್ಕದ ಕುರ್ಚಿಯಲ್ಲಿ ಕೂತಳು. ಮಗಳು ಅಂಕಿಗಳಿಗೆ ಕಟ್ಟಿದ ಮಾತುಗಳು ಎಲ್ಲವೂ ಹೊಸವು, ಕೆಲವು ಅಮ್ಮನಿಗೆ ಅರ್ಥವೇ ಆಗಲಿಲ್ಲ. ಹುಡುಗರು ಮಾತ್ರ ಬೆಂಚು ಬಡಿದು ನಗುತ್ತಿದ್ದರು. ಲೂರ್ಡ್ಸ್ ಮಗಳ ಬಾಯನ್ನೇ ನೋಡುತ್ತಾ ಕೂತು, ಪೆನ್ನು ಕೈಯಲ್ಲಿದ್ದೂ ನಾಲ್ಕು ಅಂಕಿ ಹೊಡೆಯಲು ಮರೆತಳು.

"ನಿಮಗೆ ಲೈನ್ ಆಗಿತ್ತು, ಮಾರಾಯ್ರೆ," ಎಂದಳು ಝುಬೈದಾ, ಅವಳ ಟಿಕೆಟ್ಟನ್ನು ಇಣುಕಿ ನೋಡಿ. "ಎಲ್ಲಿ ನೋಡ್ತಾ ಇದ್ದೀರಿ?"