ಮೇಷ್ಟ್ರು ಜಾಮೀನು ನಿಂತದ್ದು ಅವನಿಗೆ

ಮೊನ್ನೆ ಕಡೂರಿನ ಬ್ಯಾಂಕಿನ ಮುಂದೆ ಬೈಕ್ ನಿಲ್ಲಿಸಲು ಜಾಗ ಸಿಗದೆ ಕೊಬ್ಬರಿ ಮಂಡಿಯ ಹಿಂದಿನ ಬೀದಿಗೆ ಹೋದೆ. ಗೋದಾಮಿನ ಬಾಗಿಲು ತೆರೆದಿತ್ತು. ಒಳಗಿನಿಂದ ಒಣ ಕೊಬ್ಬರಿಯ ಘಾಟು ಗಪ್ಪೆಂದು ಬಂತು. ಎಣ್ಣೆ, ಗೋಣಿಚೀಲದ ಧೂಳು, ಎಲ್ಲೋ ಸ್ವಲ್ಪ ಮುಗ್ಗಲು... ಆ ವಾಸನೆ ಬಂದರೆ ನನಗೆ ಇವತ್ತಿಗೂ ತ್ರಿಕೋನಮಿತಿ ನೆನಪಾಗುತ್ತದೆ. ಗೋದಾಮಿನ ಪಕ್ಕದ ಮನೆಯಲ್ಲಿ ನಮ್ಮ ಪಿಯುಸಿಯ ಲೆಕ್ಕದ ಮೇಷ್ಟ್ರು ಬಾಡಿಗೆಗಿದ್ದರು. ಈಗ ಅಲ್ಲಿ ಯಾರೋ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ.

ಕಾಲೇಜು ಬಿಟ್ಟ ಮೇಲೆ ಆ ಮನೆಯ ಜಗಲಿಯಲ್ಲಿ ಮೇಷ್ಟ್ರು ಲೆಕ್ಕ ಹೇಳಿಕೊಡುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ಪಂಚನಹಳ್ಳಿಯ ಬಸ್ಸು ಬರುವವರೆಗೆ ನಾನು ಅಲ್ಲೇ ಇರುತ್ತಿದ್ದೆ. ಇನ್ನೊಬ್ಬ ಶಿವನಿಯಿಂದ ರೈಲಿನಲ್ಲಿ ಬರುತ್ತಿದ್ದ. ಅವನನ್ನು ನಾವೆಲ್ಲ ಶಿವನಿಯವನು ಎಂದೇ ಕರೆಯುತ್ತಿದ್ದೆವು. ಲೆಕ್ಕದಲ್ಲಿ ಅವನಿಗೂ ನನಗೂ ಜಿದ್ದಾಜಿದ್ದಿ. ಒಂದು ಟೆಸ್ಟಿನಲ್ಲಿ ಅವನು ಮುಂದೆ, ಇನ್ನೊಂದರಲ್ಲಿ ನಾನು. ಆದರೆ ಮೇಷ್ಟ್ರ ಮನೆಯಲ್ಲಿ ಉಪ್ಪಿಟ್ಟು ಹಂಚುವಾಗ ಮಾತ್ರ ಯಾವಾಗಲೂ ಅವನೇ ಮುಂದೆ. "ಅವನ್ ರೈಲು ತಡ ಕಣಪ್ಪಾ, ಮನೆ ಸೇರೋ ಅಷ್ಟೊತ್ತಿಗೆ ಹಸಿದೋಗಿರ್ತಾನೆ" ಎಂದು ಅಮ್ಮನವರು, ಅಂದರೆ ಮೇಷ್ಟ್ರ ಹೆಂಡತಿ, ಅವನ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತಿದ್ದರು. ನನ್ನ ಬಸ್ಸೇನು ವಿಮಾನವೇ? ನನಗೂ ಹಸಿವಾಗುತ್ತಿತ್ತು. ನನ್ನ ಹೊಟ್ಟೆಕಿಚ್ಚಿಗೆ ಶಂಕುಸ್ಥಾಪನೆ ಆದದ್ದು ಆ ಉಪ್ಪಿಟ್ಟಿನಲ್ಲಿಯೇ.

ಪಿಯುಸಿ ಮುಗಿದು ಇಬ್ಬರಿಗೂ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಸಿಕ್ಕಿದ್ದು ಖಾಸಗಿ ಕಾಲೇಜಿನಲ್ಲಿ. ಫೀಸು, ಹಾಸ್ಟೆಲ್ಲು ಎಲ್ಲ ಕೂಡಿದರೆ ನಮ್ಮ ಮನೆಗಳಲ್ಲಿ ಯಾರೂ ಒಟ್ಟಿಗೆ ಕಂಡಿರದ ಮೊತ್ತ. ಬ್ಯಾಂಕಿನಲ್ಲಿ ಓದಿನ ಸಾಲ ಕೊಡುತ್ತೇವೆ ಎಂದರು, ಆದರೆ ಅಷ್ಟು ದೊಡ್ಡ ಸಾಲಕ್ಕೆ ಆಸ್ತಿ ಅಡವಿಡಬೇಕು, ಇಲ್ಲವೇ ಸರ್ಕಾರಿ ಸಂಬಳದವರು ಯಾರಾದರೂ ಜಾಮೀನು ನಿಲ್ಲಬೇಕು ಎಂದರು. ನಮಗಿಬ್ಬರಿಗೂ ಗೊತ್ತಿದ್ದ ಸರ್ಕಾರಿ ಸಂಬಳದವರೆಂದರೆ ಮೇಷ್ಟ್ರು ಒಬ್ಬರೇ. ಅವರ ಸಂಬಳದ ಮೇಲೆ ಒಬ್ಬನಿಗೆ ಮಾತ್ರ ಜಾಮೀನು ಸಾಧ್ಯ ಎಂದು ಮ್ಯಾನೇಜರು ಖಡಾಖಂಡಿತವಾಗಿ ಹೇಳಿಬಿಟ್ಟರು.

ಮೇಷ್ಟ್ರು ಸಹಿ ಹಾಕಿದ್ದು ಶಿವನಿಯವನಿಗೆ. ಅವನು ಬರ್ಫಿ ಹಿಡಿದುಕೊಂಡು ಜಗಲಿಗೆ ಬಂದಾಗಲೇ ನನಗೆ ವಿಷಯ ತಿಳಿದದ್ದು. ಆ ಬರ್ಫಿಯನ್ನು ತಿನ್ನಲೂ ಆಗಲಿಲ್ಲ, ಬಿಸಾಡಲೂ ಆಗಲಿಲ್ಲ. ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋದೆ. ಅಂಗಿಯ ಜೇಬೆಲ್ಲ ಜಿಡ್ಡಾಯಿತು.

ಮೇಷ್ಟ್ರ ತರ್ಕ ಸರಿಯಾಗಿಯೇ ಇತ್ತು. ಅವನ ಅಪ್ಪನಿಗೆ ಅಂಗೈ ಅಗಲ ಜಮೀನಿರಲಿಲ್ಲ, ನಮ್ಮಪ್ಪನಿಗೆ ತೆಂಗಿನ ತೋಟವಿತ್ತು, ಬೋರಿನಲ್ಲಿ ನೀರಿತ್ತು. ತೋಟವನ್ನು ಅಡವಿಟ್ಟರೆ ನನಗೂ ಸಾಲ ಸಿಗುತ್ತದೆ ಎಂದು ಅಪ್ಪನನ್ನು ಒಪ್ಪಿಸಲು ಮುಂದಿನ ಭಾನುವಾರ ಅವರೇ ಬಸ್ಸು ಹತ್ತಿ ಪಂಚನಹಳ್ಳಿಗೆ ಬಂದರು. ಅಪ್ಪ ಎಳನೀರು ಕೆತ್ತಿಕೊಟ್ಟ. ಎಲ್ಲ ಕೇಳಿಸಿಕೊಂಡ. ಆಮೇಲೆ ಕತ್ತಿಯನ್ನು ಕೆಳಗಿಟ್ಟು ಹೇಳಿದ:

"ತ್ವಾಟ ಬರ್ಕೊಟ್ಟು ಓದಿಸ್ಬೇಕಾ ಮೇಷ್ಟ್ರೇ? ಬೆಳೆ ಸಾಲ ಆದ್ರೆ ಒಂದಲ್ಲ ಒಂದ್ ಸರ್ಕಾರ ಬಂದು ಮನ್ನಾ ಮಾಡುತ್ತೆ. ಓದಿನ ಸಾಲನ ಯಾವನು ಮನ್ನಾ ಮಾಡ್ತಾನೆ?"

"ಇವ್ನು ತೀರಿಸ್ತಾನೆ ಕಣ್ರೀ ಯಜಮಾನ್ರೇ. ಆ ನಂಬಿಕೆ ನನಗಿದೆ."

"ನಿಮ್ಗೆ ಅಷ್ಟ್ ನಂಬ್ಕೆ ಇದ್ರೆ ನೀವೇ ನಿಂತ್ಕೊಳ್ಳಿ!"

ಮೇಷ್ಟ್ರು ಎಳನೀರಿನ ಬುರುಡೆಯನ್ನು ಕೆಳಗಿಟ್ಟು ಎದ್ದರು. ಅಪ್ಪ ಆಗುವುದಿಲ್ಲ ಎನ್ನುವ ಬದಲು ಒಂದು ಚೀಲ ತೆಂಗಿನಕಾಯಿ ತುಂಬಿ ಕೊಟ್ಟ. ನಾನು ಅದನ್ನು ಹೊತ್ತುಕೊಂಡು ಬಸ್‌ಸ್ಟಾಪಿನವರೆಗೆ ಹೋದೆ. ಬಸ್ಸು ಬರುವವರೆಗೂ ಅವರ ಬಾಯನ್ನೇ ನೋಡುತ್ತಾ ನಿಂತಿದ್ದೆ. ಅವನಿಗೆ ಹಾಕಿದ ಸಹಿಯನ್ನು ವಾಪಸ್ ತಗೊಂಡು ನಿನಗೇ ಹಾಕುತ್ತೇನೆ ಎನ್ನಲಿ ಎಂದು ಊರಿನ ದೇವರನ್ನೆಲ್ಲ ಬೇಡಿಕೊಂಡೆ. ಅವರು ಬಸ್ಸಿನ ಮೆಟ್ಟಿಲು ಹತ್ತಿ, "ಬಿ.ಎಸ್ಸಿ. ಸೇರ್ಕೋ ಕಣೋ. ಲೆಕ್ಕ ಎಲ್ಲಿ ಮಾಡಿದ್ರೂ ಲೆಕ್ಕಾನೇ" ಎಂದರು.

ಬಿ.ಎಸ್ಸಿ. ಸೇರಿದೆ. ಬಿ.ಎಡ್. ಮಾಡಿದೆ. ಅಜ್ಜಂಪುರದಲ್ಲಿ ಹೈಸ್ಕೂಲು ಮೇಷ್ಟ್ರಾದೆ, ಆಮೇಲೆ ತರೀಕೆರೆಗೆ ವರ್ಗವಾಯಿತು. ಶಿವನಿಯವನ ಕಾಲೇಜು ವರ್ಷ ವರ್ಷವೂ ಫೀಸು ಏರಿಸಿತಂತೆ. ಬ್ಯಾಂಕು ಕೊಡುತ್ತಿದ್ದುದು ಮೊದಲ ವರ್ಷದ ಲೆಕ್ಕದಲ್ಲಿ, ಕಾಲೇಜು ಕೇಳುತ್ತಿದ್ದುದು ಆಯಾ ವರ್ಷದ ಲೆಕ್ಕದಲ್ಲಿ. ನಡುವೆ ಬಿದ್ದ ಹಳ್ಳಕ್ಕೆ ಅವನ ಅಪ್ಪ ಕೈಸಾಲ ತಂದು ಸುರಿದ. ಡಿಗ್ರಿ ಬಂತು, ಡಿಗ್ರಿಗೆ ತಕ್ಕ ಕೆಲಸ ಬರಲಿಲ್ಲ. ತುಮಕೂರಿನ ಕಡೆ ಯಾವುದೋ ಪಾಲಿಟೆಕ್ನಿಕ್ಕಿನಲ್ಲಿ ಗುತ್ತಿಗೆಯ ಮೇಲೆ ಪಾಠ ಮಾಡುತ್ತಾನೆ, ವರ್ಷದಲ್ಲಿ ಅರ್ಧ ಕಾಲ ಸಂಬಳವಿಲ್ಲ ಎಂದು ಯಾರೋ ಹೇಳಿದರು. ಕೇಳಿದಾಗ ಅಯ್ಯೋ ಪಾಪ ಎಂದೆ. ಒಳಗೊಳಗೆ ಹಾಯೆನಿಸಿತು.

ಮೇಷ್ಟ್ರು ನಿವೃತ್ತರಾಗಿ, ರೈಲ್ವೆ ಗೇಟಿನಾಚೆ ಮನೆ ಮಾಡಿಕೊಂಡು ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಅವರ ಫೋನ್ ಬಂತು. "ಶನಿವಾರ ಬಿಡುವಿದ್ಯೇನಯ್ಯಾ? ಕಣ್ಣು ಮಂಜಾಗಿದೆ, ಸ್ಕೂಟರ್ ಬಿಟ್ಟಿದ್ದೀನಿ. ಬ್ಯಾಂಕಿಗೆ ಹೋಗ್ಬೇಕಿತ್ತು." ಅಷ್ಟೊಂದು ಶಿಷ್ಯರಿದ್ದರೂ ನನಗೇ ಫೋನ್ ಮಾಡಿದ್ದಾರೆ! ಬೆಳಗಿನ ಶಾಲೆ ಮುಗಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ತರೀಕೆರೆಯಿಂದ ಹಾರಿಕೊಂಡು ಬಂದೆ. ಬ್ಯಾಂಕಿನಲ್ಲಿ ಅವರು ಪೆನ್ಷನ್ ತೆಗೆದು, ಅದರಲ್ಲಿ ಒಂದು ಪಾಲು ಎಣಿಸಿ ಇನ್ನೊಂದು ಕೌಂಟರಿಗೆ ಕೊಟ್ಟರು. ಯಾರ ಸಾಲ ಎಂದು ಇಣುಕಿ ನೋಡಿದೆ. ಶಿವನಿಯವನದು.

ಅಂದಿನಿಂದ ಪ್ರತಿ ತಿಂಗಳೂ ಒಂದು ಶನಿವಾರ ನಾನು ನನ್ನ ಪೆಟ್ರೋಲು ಸುಟ್ಟುಕೊಂಡು, ನನ್ನ ಎದುರಾಳಿಯ ಕಂತು ಕಟ್ಟಲು ನನ್ನ ಮೇಷ್ಟ್ರನ್ನು ಹಿಂದೆ ಕೂರಿಸಿಕೊಂಡು ಹೋದೆ. ಬೇರೆ ಯಾರಿಗಾದರೂ ಈ ಗತಿ ಬಂದಿದ್ದರೆ ನಾನೇ ಬಿದ್ದು ಬಿದ್ದು ನಗುತ್ತಿದ್ದೆ. ಬರುವುದಿಲ್ಲ ಎನ್ನಬಹುದಿತ್ತು. ಆದರೆ ಹೆಗಲ ಮೇಲೆ ಅವರ ಕೈ ಇರುತ್ತಿತ್ತಲ್ಲ... ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ದಾರಿಯುದ್ದಕ್ಕೂ ಅವರದು ಒಂದೇ ಮಾತು. ಓದುತ್ತಿರುವಾಗಲೇ ಬಡ್ಡಿ ಬೆಳೆಯಬಾರದು, ಕೆಲಸ ಸಿಕ್ಕಿದ ಮೇಲೆ ಸಂಬಳಕ್ಕೆ ತಕ್ಕಷ್ಟು ಹಿಡಿಯಬೇಕು, ಸೇರುವಾಗ ಹೇಳಿದ ಫೀಸನ್ನು ಕೋರ್ಸ್ ಮುಗಿಯುವವರೆಗೂ ಏರಿಸಕೂಡದು. ಎಲ್ಲಕ್ಕಿಂತ ಮೊದಲು ಈ ಜಾಮೀನು ಎನ್ನುವುದು ತೊಲಗಬೇಕು. "ಸಂಬಳದೋರ ಪರಿಚಯ ಇಲ್ದೋನು ಓದ್ಲೇಬಾರ್ದೇನಯ್ಯಾ?" ಇದನ್ನೇ ಪತ್ರಿಕೆಗಳಿಗೂ ಬರೆಯುತ್ತಿದ್ದರು. ಯಾವಾಗಲೋ ಒಮ್ಮೆ ಅಚ್ಚಾಗುತ್ತಿತ್ತು, ಅದೂ ನಾಲ್ಕು ಸಾಲಿಗೆ ಇಳಿದು.

ಒಂದು ಶನಿವಾರ ತಡೆಯಲಾಗಲಿಲ್ಲ. ರೈಲ್ವೆ ಗೇಟು ಹಾಕಿತ್ತು. ಮುಂದೆ ನೋಡುತ್ತಲೇ ಕೇಳಿಬಿಟ್ಟೆ.

"ಸರ್, ಅವತ್ತು ನನಗೆ ಜಾಮೀನು ನಿಂತಿದ್ರೆ ನಿಮ್ಗೆ ಈ ಕಷ್ಟ ಬರ್ತಿರ್ಲಿಲ್ಲ. ನಾನು ಕಟ್ತಿದ್ದೆ."

"ಕಟ್ತಿದ್ದೆ ಕಣೋ. ಗೊತ್ತು."

"ಮತ್ತೆ?"

"ಅವ್ನಿಗೆ ಕಟ್ಟೋ ಮನಸ್ಸಿಲ್ಲ ಅಂತಲ್ಲಯ್ಯಾ. ಬಡ್ಡಿ ನೋಡು, ಅವ್ನು ಸೆಕೆಂಡ್ ಇಯರ್‌ನಲ್ಲಿ ಇರೋವಾಗ್ಲೇ..."

ಮತ್ತೆ ಬಡ್ಡಿ ಶುರುವಾಯಿತು. ನಾನು ಕೇಳಿದ್ದು ಬಡ್ಡಿಯ ವಿಷಯವನ್ನಲ್ಲ. ನನ್ನನ್ನು ಕಂಡರೆ ನಿಮಗೆ ಅವನಷ್ಟು ಇಷ್ಟವಿರಲಿಲ್ಲವೇ ಎಂದು ಕೇಳಿದ್ದೆ. ಗೇಟು ಎತ್ತಿದರು, ಹಿಂದಿನಿಂದ ಲಾರಿಯವನು ಹಾರ್ನ್ ಬಾರಿಸಿದ, ಹೊರಟೆವು.

ಹೋದ ಚಳಿಗಾಲದಲ್ಲಿ ಮೇಷ್ಟ್ರು ತೀರಿಕೊಂಡರು. ಎರಡು ದಿನ ಜ್ವರ, ಅಷ್ಟೇ... ಕಾರ್ಯದ ದಿನ ನಾನು ಬೆಳಗ್ಗೆಯೇ ಹೋಗಿ ಶಾಮಿಯಾನ, ಬಾಳೆಲೆ, ನೀರಿನ ಕ್ಯಾನು ಎಂದು ಓಡಾಡುತ್ತಿದ್ದೆ. ಈ ಮನೆಗೆ ಮಗನಂತೆ ದುಡಿಯುತ್ತಿರುವವನು ನಾನೇ ಎಂದು ಯಾರಾದರೂ ಅನ್ನಲಿ ಎಂಬ ಆಸೆಯೂ ಇತ್ತು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಬಂದು ನಿಂತ. ಬೋಳು ತಲೆ. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಶಿವನಿಯವನು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ, ಮಗನಂತೆ ತಾನೇ ತಲೆ ಬೋಳಿಸಿಕೊಂಡು ಬಂದಿದ್ದ. ನಾನು ಬಾಚಿದ ಕ್ರಾಪಿನ ಮೇಲೆ ಕೈಯಾಡಿಸಿಕೊಂಡೆ. ಇದು ನನಗೇಕೆ ಹೊಳೆಯಲಿಲ್ಲ? ಸತ್ತವರ ಮನೆಯಲ್ಲಿ ನಿಂತು ಬೋಳು ತಲೆಗೆ ಅಸೂಯೆಪಟ್ಟವನು ಲೋಕದಲ್ಲಿ ನಾನೊಬ್ಬನೇ ಇರಬೇಕು.

ಅವನಿಗೆ ಸುದ್ದಿ ಹೇಗೆ ತಿಳಿಯಿತು ಎಂದು ಅಮ್ಮನವರನ್ನು ಕೇಳಿದೆ.

"ಭಾನುವಾರ ಫೋನ್ ಮಾಡ್ದಾಗ ನಾನೇ ಹೇಳ್ದೆ ಕಣಪ್ಪಾ. ಪ್ರತಿ ಭಾನುವಾರ ಮಾಡ್ತಾನಲ್ಲ. ಇವ್ರಿಬ್ರೂ ಕೂತ್ರೆ ಗಂಟೆಗಟ್ಲೆ ಮಾತು. ಕಂತು ನೀನ್ ಕಟ್ಬೇಡ ಕಣೋ, ಮೊದ್ಲು ತಂಗಿ ಮದ್ವೆ ಮಾಡು ಅಂತ ಇವ್ರೇ ಹೇಳಿದ್ರು. ನಿನಗ್ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ನಾನು ಅವನನ್ನು ಸಾಲ ತೀರಿಸದೆ ತಲೆಮರೆಸಿಕೊಂಡವನು ಎಂದುಕೊಂಡಿದ್ದೆ. ಅವರಿಗೂ ಅವನಿಗೂ ನಡುವೆ ವಾರವಾರವೂ ಇಷ್ಟು ದೊಡ್ಡ ಮಾತುಕತೆ ನಡೆಯುತ್ತಿತ್ತು. ಶನಿವಾರಗಳಂದು ನನ್ನ ಬೈಕಿನಲ್ಲಿ ಕೂತಾಗ ಒಮ್ಮೆಯೂ ಅವರು ಅದರ ಸುಳಿವು ಬಿಟ್ಟುಕೊಟ್ಟಿರಲಿಲ್ಲ. ಅವತ್ತು ನಾನು ಊಟಕ್ಕೆ ಕೂರಲಿಲ್ಲ. ಬಡಿಸುವ ಕೆಲಸವಿದೆ ಎಂದು ತಪ್ಪಿಸಿಕೊಂಡೆ. ಉಳಿದ ಸಾಲವನ್ನು ತಾನೇ ಕಟ್ಟುತ್ತೇನೆ ಎಂದು ಶಿವನಿಯವನು ಅಮ್ಮನವರ ಕಾಲು ಹಿಡಿದು ಹೇಳುತ್ತಿದ್ದುದು ಕೇಳಿಸುತ್ತಿತ್ತು.

ಮೊನ್ನೆ ನಾನು ಬ್ಯಾಂಕಿಗೆ ಹೋದದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗಾಗಿ. ಫಾರ್ಮಸಿ ಸೀಟು ಸಿಕ್ಕಿದೆ, ಅವಳ ಮನೆಯವರು ಈಗ ಕಡೂರಿನಲ್ಲೇ ಇದ್ದಾರೆ. "ಸರ್, ಜಾಮೀನು ಕೇಳಬಹುದಂತೆ, ಬರ್ತೀರಾ?" ಎಂದು ಅವಳು ಕೇಳಿದ್ದೇ ತಡ, ನಾನು ಸಂಬಳದ ಸರ್ಟಿಫಿಕೇಟು, ಆಧಾರು, ಫೋಟೋ ಎಲ್ಲ ಜೋಡಿಸಿಕೊಂಡು ಸಿದ್ಧನಾಗಿಬಿಟ್ಟಿದ್ದೆ. ಮನೆಯಲ್ಲಿ ಹೆಂಡತಿ ಬೇಡವೆಂದಳು. ಕೇಳಲಿಲ್ಲ. ಮೇಷ್ಟ್ರು ಅವನಿಗೆ ಏನಾಗಿದ್ದರೋ ನಾನೂ ಯಾರಿಗಾದರೂ ಒಮ್ಮೆ ಅದಾಗಬೇಕಿತ್ತು.

ಮ್ಯಾನೇಜರು ಚಿಕ್ಕ ಹುಡುಗಿ. ಕಾಗದಗಳನ್ನು ನೋಡಿ, ನನ್ನವನ್ನು ಬೇರೆ ತೆಗೆದು ನನಗೇ ವಾಪಸ್ ಕೊಟ್ಟಳು.

"ಸರ್, ಇದು ಬೇಕಾಗಿಲ್ಲ. ಇವರ ಕಾಲೇಜು ಹೊಸ ಯೋಜನೆಯ ಪಟ್ಟಿಯಲ್ಲಿದೆ. ಈ ಮೊತ್ತಕ್ಕೆ ಜಾಮೀನು ತೆಗೆದುಬಿಟ್ಟಿದ್ದಾರೆ."

ನನ್ನ ವಿದ್ಯಾರ್ಥಿನಿಯ ಮುಖ ಅರಳಿತು. "ಹಾಗಾದ್ರೆ ಸರ್‌ಗೆ ತೊಂದ್ರೆ ಇಲ್ಲ ಬಿಡಿ" ಎಂದಳು. ಒಳ್ಳೆಯದಾಯ್ತಮ್ಮಾ ಎಂದೆ. ಒಳ್ಳೆಯದೇ ಆಯಿತು. ಫೀಸೇನೂ ಇಳಿದಿಲ್ಲ, ಬಡ್ಡಿಯೂ ಪೂರ್ತಿ ಹೋಗಿಲ್ಲ, ಆದರೂ ಮೇಷ್ಟ್ರು ಬರೆದು ಬರೆದು ಕೈ ಸೋತ ಒಂದು ಮಾತಾದರೂ ನಡೆಯಿತು. ಅವರಿದ್ದಿದ್ದರೆ ಬ್ಯಾಂಕಿನೊಳಗೇ ಚಪ್ಪಾಳೆ ತಟ್ಟುತ್ತಿದ್ದರು. ನಾನು ಸರ್ಟಿಫಿಕೇಟನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಬಂದೆ. ಅವರಿಗೆ ಫೋನ್ ಮಾಡಿ ಹೇಳೋಣ ಎಂದು ಕೈ ತಾನಾಗಿ ಮೊಬೈಲಿಗೆ ಹೋಯಿತು. ಆಮೇಲೆ ನೆನಪಾಯಿತು...

ಈ ಸುದ್ದಿಯ ಬೆಲೆ ಗೊತ್ತಿರುವವನು ಇನ್ನೊಬ್ಬನಿದ್ದಾನೆ. ಅಮ್ಮನವರಿಂದ ಅವನ ನಂಬರು ತಗೊಂಡಿದ್ದೇನೆ. ಇನ್ನೂ ಫೋನ್ ಮಾಡಿಲ್ಲ. ಮಾಡಿದರೆ ಇಬ್ಬರೂ ಮೇಷ್ಟ್ರ ಮಾತು ತೆಗೆಯುತ್ತೇವೆ, ಹೇಳಲು ಅವನ ಹತ್ತಿರ ನನಗಿಂತ ಹೆಚ್ಚಿರುತ್ತದೆ.